ಎಡಗೈಗೆ ಪಾಠ

ನಾನು ಈಗ ಎಡಗೈಯಲ್ಲಿ ಹಲ್ಲುಜ್ಜುತ್ತೇನೆ. ಐವತ್ತೆರಡು ವರ್ಷದ ಗಣಿತದ ಮೇಷ್ಟ್ರೊಬ್ಬ ಬೆಳಿಗ್ಗೆ ಎದ್ದು ಹಿತ್ತಲ ನಲ್ಲಿಯ ಮುಂದೆ ನಿಂತು ಮೀಸೆಗೂ ಗಲ್ಲಕ್ಕೂ ಪೇಸ್ಟು ಬಳಿದುಕೊಳ್ಳುವುದು ನೋಡುವವರಿಗೆ ಒಳ್ಳೆಯ ದೃಶ್ಯವಲ್ಲ. ಮೊದಮೊದಲು ನನ್ನ ಹೆಂಡತಿ ಗಾಬರಿಯಾಗಿ, "ಬಲಗೈಗೆ ಏನಾಯ್ತ್ರೀ?" ಎಂದು ಕೇಳುತ್ತಿದ್ದಳು. ಈಗ ಟವೆಲ್ಲು ಕೊಟ್ಟು ಹೋಗುತ್ತಾಳೆ. ಬಲಗೈಗೆ ಏನೂ ಆಗಿಲ್ಲ. ಆಗಬೇಕಾದದ್ದೆಲ್ಲ ಎಡಗೈಗೆ. ಅದರ ಕತೆ ಹೇಳದಿದ್ದರೆ ನೀವೂ ನನ್ನನ್ನು ಅನುಮಾನದಿಂದಲೇ ನೋಡುತ್ತೀರಿ.

ಹಾರನಹಳ್ಳಿ ರಸ್ತೆಯಲ್ಲಿರುವ ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಜೂನ್ ತಿಂಗಳಲ್ಲಿ ವರ್ಗವಾಗಿ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಅವರು ಬಿಟ್ಟುಹೋದ ಬ್ಯಾಂಡ್ ರೂಮಿನ ಬೀಗದಕೈ ಮಾತ್ರ ಉಳಿಯಿತು. ನಮ್ಮ ಹೆಡ್ ಮೇಡಂ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಬ್ಯಾಂಡಂದ್ರೂ ಲೆಕ್ಕಾನೇ ಅಲ್ವೇನ್ರೀ, ಒಂದು ಎರಡು ಮೂರು ನಾಲ್ಕು. ಅಷ್ಟರ ಮೇಲೆ ಎಣಿಸೋ ಹಾಗೇ ಇಲ್ಲ" ಎಂದರು. ನಾನು ಇಲ್ಲವೆನ್ನುವ ಮೊದಲೇ ಹೊರಟುಹೋದರು. ರೂಮಿನಲ್ಲಿ ನಾಲ್ಕು ಸೈಡ್ ಡ್ರಮ್ಮು, ಒಂದು ದೊಡ್ಡ ಡ್ರಮ್ಮು, ಎರಡು ಜೊತೆ ತಾಳ ಇದ್ದವು. ದೊಡ್ಡ ಡ್ರಮ್ಮಿನ ಹಿಂದೆ ಒಂದು ಇಲಿಯ ಸಂಸಾರವೂ ಸುಖವಾಗಿತ್ತು.

ನನ್ನ ಸಂಗೀತಜ್ಞಾನದ ಬಗ್ಗೆ ಒಂದೇ ಮಾತು ಹೇಳಿದರೆ ಸಾಕು. ಶನಿವಾರದ ಭಜನೆಯಲ್ಲಿ ನಾನು ಚಪ್ಪಾಳೆ ತಟ್ಟಲು ಶುರುಮಾಡಿದರೆ ಪಕ್ಕದಲ್ಲಿ ಕೂತವರು ಮೆಲ್ಲನೆ ನನ್ನ ಕೈ ಹಿಡಿದುಕೊಳ್ಳುತ್ತಾರೆ. ಪ್ರೀತಿಯಿಂದ ಎಂದು ನಾನು ಬಹಳ ವರ್ಷ ನಂಬಿದ್ದೆ. ಆದರೆ ನಾನು ಸ್ವಲ್ಪ ಹಟಮಾರಿ. ಒಪ್ಪಿಸಿದ ಕೆಲಸವನ್ನು ಅರ್ಧಕ್ಕೆ ಬಿಟ್ಟವನಲ್ಲ. ರಾತ್ರಿ ಮೊಬೈಲಿನಲ್ಲಿ ನೋಡಿ ಕಲಿತದ್ದನ್ನು ಮರುದಿನ ಮಕ್ಕಳಿಗೆ ಕಲಿಸುತ್ತಿದ್ದೆ. ಮೇಷ್ಟ್ರ ಕೆಲಸದ ಗುಟ್ಟೇ ಅದಲ್ಲವೆ, ಮಕ್ಕಳಿಗಿಂತ ಒಂದು ದಿನ ಮುಂದಿದ್ದರೆ ಆಯಿತು. ಡ್ರಮ್ಮಿನ ಚರ್ಮ ಹರಿದೀತೆಂಬ ಭಯಕ್ಕೆ ಮೊದಲ ಪಾಠಗಳೆಲ್ಲ ಬಿಸಿಯೂಟದ ಅಕ್ಕಿ ಮೂಟೆಗಳ ಮೇಲೆ ನಡೆದವು. ಒಣಗಿದ ತೆಂಗಿನ ಗರಿಯ ದಿಂಡನ್ನು ಸೀಳಿ ಕೋಲು ಮಾಡಿಕೊಂಡಿದ್ದೆವು. ಅಡುಗೆಯ ಅಮ್ಮ ಮಾತ್ರ, "ಅನ್ನಕ್ಕೆ ಹೊಡೀತೀರಲ್ರಪ್ಪ" ಎಂದು ದಿನಾ ಗೊಣಗುತ್ತಿದ್ದರು.

ಆಗಸ್ಟ್ ಹದಿನೈದಕ್ಕೆ ಊರೊಳಗೆ ಮೆರವಣಿಗೆ ಹೊರಟಾಗ ನಮ್ಮ ಬ್ಯಾಂಡಿನ ರೋಗ ಏನೆಂದು ಗೊತ್ತಾಯಿತು. ಬಲಗೈಯ ಪೆಟ್ಟು ಢಣ್ ಎಂದು ಕೇಳುತ್ತಿತ್ತು, ಎಡಗೈಯ ಪೆಟ್ಟು ಕೇಳುತ್ತಲೇ ಇರಲಿಲ್ಲ. ಕೇಳಿದರೂ ಅರ್ಧ ಹೆಜ್ಜೆ ತಡವಾಗಿ, ಬಸ್ಸು ಹೊರಟ ಮೇಲೆ ಓಡಿಬರುವವನ ಹಾಗೆ ಬರುತ್ತಿತ್ತು. ಹಿಂದೆ ಬರುತ್ತಿದ್ದ ಇನ್ನೂರು ಮಕ್ಕಳ ಕಾಲು ಪಾಪ ಬ್ಯಾಂಡನ್ನೇ ನಂಬಿದ್ದವು. ಇಡೀ ಶಾಲೆ ಕುಂಟುತ್ತಾ ಸಾಗಿತು. ಅರಳಿಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು, "ಏನ್ಲಾ, ಎಲ್ರಿಗೂ ಒಂದೇ ಕಾಲಿಗೆ ಮುಳ್ಳು ಚುಚ್ಚೈತಾ?" ಎಂದರು. ಹೆಡ್ ಮೇಡಂ ಬೈಯಲಿಲ್ಲ. ಜನವರಿ ಇಪ್ಪತ್ತಾರಕ್ಕೆ ಅರಸೀಕೆರೆಯಲ್ಲಿ ತಾಲ್ಲೂಕಿನ ಪೆರೇಡು ಇದೆ, ಅಲ್ಲಿಯೂ ಹೀಗೇ ಆದರೆ ಮುಂದಿನ ವರ್ಷದಿಂದ ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ಹೋಗೋಣ ಎಂದಷ್ಟೇ ಅಂದರು.

ಎಡಗೈಯ ಬಗ್ಗೆ ನಾನು ಗಂಭೀರವಾಗಿ ಯೋಚಿಸಿದ್ದು ಆಗಲೇ. ಯೋಚಿಸಿದಷ್ಟೂ ಅದರ ಮೇಲೆ ಕನಿಕರ ಹುಟ್ಟಿತು. ಸಿಡುಕುವವನನ್ನು ಎಡಮಗ್ಗುಲಲ್ಲಿ ಎದ್ದಿದ್ದಾನೆ ಎನ್ನುತ್ತೇವೆ. ಮದುವೆಯಾದ ಹೆಣ್ಣು ಹೊಸಿಲು ದಾಟುವಾಗ ಬಲಗಾಲು ಮುಂದಿಡಬೇಕು. ಮಗು ಎಡಗೈ ಚಾಚಿದರೆ ಮಿಠಾಯಿ ಹಿಂದಕ್ಕೆ ಹೋಗುತ್ತದೆ. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂಬ ಮಾತಂತೂ ಇದ್ದೇ ಇದೆ. ನಮ್ಮ ಮಕ್ಕಳ ಎಡಗೈಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಮೂಲೆಯಲ್ಲಿ ಕೂರಿಸಿದ ಕೈಯನ್ನು ಏಕಾಏಕಿ ಎಬ್ಬಿಸಿ, ನೀನೂ ಅಣ್ಣನಷ್ಟೇ ಜೋರಾಗಿ ಹೊಡಿ ಎಂದರೆ ಅದಾದರೂ ಏನು ಮಾಡೀತು?

ಅದಕ್ಕೇ ಒಂದು ಕಾನೂನು ಮಾಡಿದೆ. ಬ್ಯಾಂಡಿನ ಮಕ್ಕಳು ಇನ್ನು ಮುಂದೆ ಎಲ್ಲ ಕೆಲಸವನ್ನೂ ಎಡಗೈಯಲ್ಲೇ ಮಾಡಬೇಕು. ಹಲ್ಲುಜ್ಜುವುದು, ತಲೆ ಬಾಚುವುದು, ಬೋರ್ಡು ಒರೆಸುವುದು, ಗಂಟೆ ಹೊಡೆಯುವುದು ಎಲ್ಲ. ಒಂದು ವಾರ ಚೆನ್ನಾಗಿಯೇ ನಡೆಯಿತು. ಎರಡನೆಯ ವಾರ ದೊಡ್ಡ ಡ್ರಮ್ಮು ಹೊಡೆಯುವ ಚೇತನನ ಅಜ್ಜಿ ಗೌರಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟಾಫ್ ರೂಮಿಗೇ ಬಂದರು.

"ಏನ್ ಮೇಷ್ಟ್ರೇ, ಮಾಲೇಕಲ್ಲಿಗೆ ಹೋಗಿದ್ವಿ. ಅಷ್ಟೂ ಮೆಟ್ಲು ಹತ್ತಿ ಹೋಗಿ, ಸ್ವಾಮಿ ಮುಂದೆ ನನ್ ಮೊಮ್ಮಗ ತೀರ್ಥಕ್ಕೆ ಎಡಗೈ ಚಾಚವ್ನೆ! ಅಯ್ನೋರು ಉದ್ಧರಣೆ ಹಿಂದಕ್ಕೆಳ್ಕೊಂಡ್ರು. ಕೇಳುದ್ರೆ, ನಮ್ ಮೇಷ್ಟ್ರು ಹೇಳವ್ರೆ ಅಂತಾನೆ. ಇದೇನಾ ನೀವು ಕಲ್ಸೋದು?"

ಅಂದು ಸಂಜೆಯೇ ಕಾನೂನಿಗೆ ತಿದ್ದುಪಡಿ ತಂದೆ. ಊಟ, ದೇವರು, ಹಿರಿಯರು, ಈ ಮೂರಕ್ಕೆ ಬಲಗೈ. ಉಳಿದ ಪ್ರಪಂಚಕ್ಕೆಲ್ಲ ಎಡಗೈ. ಗೌರಮ್ಮನವರಿಗೂ ಸಮಾಧಾನವಾಯಿತು.

ಸೈಡ್ ಡ್ರಮ್ಮಿನ ನಾಲ್ವರಲ್ಲಿ ಸುಜಾತಾ ಎಂಬ ಒಂಬತ್ತನೆಯ ಕ್ಲಾಸಿನ ಹುಡುಗಿ ಇದ್ದಳು. ಸಣ್ಣ ಮೈಯ, ಕಡಿಮೆ ಮಾತಿನ ಹುಡುಗಿ. ಅಕ್ಟೋಬರಿನಲ್ಲಿ ಮಕ್ಕಳನ್ನು ಬೇಲೂರು ಹಳೇಬೀಡಿಗೆ ಪ್ರವಾಸ ಕರೆದುಕೊಂಡು ಹೋದಾಗ ನಾನು ಗೋಡೆಯ ಮೇಲಿನ ವಾದ್ಯದವರನ್ನೇ ಹುಡುಕಿ ಹುಡುಕಿ ತೋರಿಸಿದೆ. ಎಂಟುನೂರು ವರ್ಷದಿಂದ ಬಾರಿಸುತ್ತಿದ್ದಾರೆ, ಒಬ್ಬನಾದರೂ ತಾಳ ತಪ್ಪಿದ್ದಾನೆಯೇ ನೋಡಿ ಎಂದೆ. ಒಬ್ಬ ಮದ್ದಳೆಯವನ ಎಡಗೈ ಮುಂಗೈವರೆಗೆ ಮುರಿದುಹೋಗಿತ್ತು. ಚೇತನ ಕೂಡಲೇ, "ಸಾರ್, ಇವನಿಗೂ ಎಡಗೈ ಬರಲ್ಲ" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಸುಜಾತಾ ಪಕ್ಕದ ಇನ್ನೊಬ್ಬ ವಾದ್ಯದವನ ಮುಂದೆ ನಿಂತೇ ಇದ್ದಳು. "ಸಾರ್, ಇವನ ಬಲಗೈ ಸಡಿಲವಾಗೈತೆ, ಎಡಗೈ ಬೆರಳು ಬಿಗಿಯಾಗವೆ. ಇವನಿನ್ನೂ ಕಲೀತಾ ಇದ್ದ ಅನ್ಸುತ್ತೆ" ಎಂದಳು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಇದ್ದರೂ ಇರಬಹುದು ಎನಿಸಿತು.

ನವೆಂಬರಿನ ಹೊತ್ತಿಗೆ ಸುಜಾತಾಳ ಎಡಗೈಯ ಪೆಟ್ಟು ಯಾವುದು ಬಲಗೈಯದು ಯಾವುದು ಎಂದು ಕಣ್ಣು ಮುಚ್ಚಿ ಕೇಳಿದರೆ ಹೇಳಲಾಗುತ್ತಿರಲಿಲ್ಲ. ಪೆರೇಡಿನಲ್ಲಿ ಮೊದಲ ಪೆಟ್ಟು ಅವಳದೇ, ಅವಳು ಶುರುಮಾಡಿದ ಮೇಲೆ ಮಿಕ್ಕವರು ಸೇರಬೇಕು ಎಂದು ಹೇಳಿಬಿಟ್ಟಿದ್ದೆ. ಆ ದಿನ ಅವಳು ಮನೆಗೆ ನಡೆದು ಹೋಗಲಿಲ್ಲ, ಓಡಿಹೋದಳು.

ಆಗ ನಾನೊಂದು ತಪ್ಪು ಮಾಡಿದೆ. ಪೋಷಕರ ಸಭೆಗೆ ಅವಳ ತಂದೆ ರಾಜಶೇಖರ್ ಬಂದಿದ್ದರು. ಅರಸೀಕೆರೆಯಲ್ಲಿ ರೈಲ್ವೆ ನೌಕರಿ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. ಅವರ ತಂದೆ ನಮ್ಮ ಪಕ್ಕದೂರಿನಲ್ಲಿ ತಮಟೆ ಬಡಿಯುತ್ತಿದ್ದವರು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಹೊಗಳುವ ಹುಮ್ಮಸ್ಸಿನಲ್ಲಿ ನಾನು ಎಲ್ಲರ ಮುಂದೆ, "ನಿಮ್ಮ ಮಗಳಿಗೆ ನಾನು ಹೇಳಿಕೊಡೋದೇ ಬೇಡ ಬಿಡಿ ಸಾರ್, ರಕ್ತದಲ್ಲೇ ಬಂದಿದೆ" ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ರಾಜಶೇಖರ್ ರಿಜಿಸ್ಟರಿನಲ್ಲಿ ರುಜು ಹಾಕಿ, ಪೆನ್ನಿನ ಮುಚ್ಚಳ ಹಾಕಿ, ಹೊರಟುಹೋದರು.

ಮರುದಿನ ಸುಜಾತಾ ಡ್ರಮ್ಮಿನ ಕೋಲುಗಳನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟಳು. "ಅಪ್ಪ ಬೇಡ ಅಂದ್ರು ಸಾರ್." ಕಣ್ಣು ಊದಿಕೊಂಡಿತ್ತು. ಮುಂದೆ ಏನಾದರೂ ಕೇಳಿದರೆ ಅಳುತ್ತಾಳೆಂದು ನಾನು ಕೇಳಲಿಲ್ಲ.

ಮೊದಲು ನನಗೆ ಬಂದದ್ದು ಸಿಟ್ಟೇ. ಹೊಗಳಿದ್ದಲ್ಲವೇ, ಬೈದೆನೇ? ಬೇರೊಬ್ಬ ಹುಡುಗನ ಕೈಗೆ ಕೋಲು ಕೊಟ್ಟೆ. ಎರಡು ದಿನ ಶಾಲೆ ಮತ್ತೆ ಕುಂಟಿತು. ಭಾನುವಾರ ಬೆಳಿಗ್ಗೆ, ಇದನ್ನು ಸರಿಮಾಡದೆ ಬಿಡುವುದಿಲ್ಲ ಎಂದುಕೊಂಡು ಅವರ ಮನೆಗೆ ಹೊರಟೆ.

ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ. ಸುಜಾತಾ ನೀರು ತಂದಿಟ್ಟು ಒಳಗೆ ಹೋದಳು. ರಾಜಶೇಖರ್ ಗಟ್ಟಿಯಾಗಿ ಮಾತಾಡಲಿಲ್ಲ.

"ಮೇಷ್ಟ್ರೇ, ಊರಲ್ಲಿ ಯಾರು ಸತ್ರೂ ಮೊದ್ಲು ಕರೆ ಬರ್ತಿದ್ದಿದ್ದು ನಮ್ಮನೆಗೆ. ನಮ್ಮಪ್ಪನಿಗೆ ಜ್ವರ ಇದ್ರೂ ಹೋಗ್ಬೇಕು. ಹೋಗಿ ಬಾಗ್ಲಲ್ಲಿ ನಿಂತು ಬಡೀಬೇಕು. ಚೆನ್ನಾಗ್ ಬಡೀತಾನಾ ಅಂತ ಯಾರೂ ಕೇಳ್ತಿರ್ಲಿಲ್ಲ. ಆ ಮನೇಲಿ ಹುಟ್ಟಿದಾನಲ್ಲ, ಬಡೀತಾನೆ ಅಷ್ಟೇ. ಒಂದಿನ ಅಪ್ಪನೇ ಕೋಲು ಒಲೆಗಿಟ್ಟು, ನೀನು ಓದ್ಕೊಳಪ್ಪ ಅಂದ."

ನಾನು ನೀರಿನ ಲೋಟ ಕೈಗೆತ್ತಿಕೊಂಡೆ. ಅವರು ಮುಂದುವರಿಸಿದರು.

"ಡ್ರಮ್ ಹೊಡೀಬೇಡ ಅಂತ ನಾನ್ ಯಾವತ್ತೂ ಅಂದಿಲ್ಲ. ಮೂರು ತಿಂಗಳಿಂದ ಈ ಹುಡುಗಿ ಎಡಗೈಲಿ ಹಲ್ಲುಜ್ಜಿ ವಸಡೆಲ್ಲ ರಕ್ತ ಮಾಡ್ಕೊಂಡವ್ಳೆ. ಎಡಗೈಲಿ ಜಡೆ ಹಾಕ್ಕೊಳಕ್ಕೆ ಅರ್ಧ ಗಂಟೆ. ದಿಂಬು ಹೊಡೆದು ಹೊಡೆದು ಹತ್ತಿ ಈಚೆಗ್ ಬಂದೈತೆ. ಅದನ್ನೆಲ್ಲ ನೀವು ನೋಡ್ದೆ, ಎಲ್ರ ಮುಂದೆ ರಕ್ತ ಅಂದ್ಬಿಟ್ರಿ. ನನ್ ಮಗಳು ಪಟ್ಟ ಕಷ್ಟಾನ ಯಾಕ್ರೀ ಕಿತ್ಕೊಂಡ್ರಿ?"

ನಾನು ನೋಡಿದ್ದೆ. ಅವಳ ಲೆಕ್ಕದ ನೋಟ್ಸಿನಲ್ಲಿ ಸೆಪ್ಟೆಂಬರಿನಿಂದ ಅಕ್ಷರಗಳು ಇರುವೆ ಸಾಲು ಚದುರಿದಂತೆ ಬಿದ್ದಿದ್ದವು. ಎಡಗೈಯಲ್ಲಿ ಬರೆದದ್ದೆಂದು ಹೊಳೆಯಲಿಲ್ಲ. 'ಅಕ್ಷರ ಸುಧಾರಿಸಬೇಕು' ಎಂದು ಕೆಂಪು ಶಾಯಿಯಲ್ಲಿ ನಾನೇ ಬರೆದಿದ್ದೆ.

ಬಸ್ಸಿಗೆ ಕಾಯುತ್ತಾ ನಿಂತಾಗ ನನ್ನದೇ ಹಳೆಯ ಗಾಯವೊಂದು ನೆನಪಾಯಿತು. ನಮ್ಮದು ಶಾನುಭೋಗರ ಮನೆ. ನಾನು ಗಣಿತದ ಮೇಷ್ಟ್ರಾದಾಗ ಊರೆಲ್ಲ, ಲೆಕ್ಕ ರಕ್ತದಲ್ಲೇ ಇದೆ ಬಿಡಿ ಎಂದಿತು. ಎಸ್ಸೆಸ್ಸೆಲ್ಸಿಯಲ್ಲಿ ಅದೇ ಗಣಿತದಲ್ಲಿ ಫೇಲಾಗಿ, ಅಟ್ಟದ ಮೇಲೆ ಕೂತು ಅತ್ತು, ಒಂದೊಂದು ಲೆಕ್ಕವನ್ನೂ ಹತ್ತು ಹತ್ತು ಸಲ ಮಾಡಿದ್ದು ಯಾರಿಗೆ ಬೇಕಿತ್ತು? ಆ ಮಾತು ನನಗೆ ಚುಚ್ಚಿತ್ತು. ಆದರೂ ನನ್ನ ರಕ್ತದ ಮಾತಿಗೆ ಊರು ಕುರ್ಚಿ ಹಾಕುತ್ತಿತ್ತು, ಅವರ ರಕ್ತದ ಮಾತಿಗೆ ಸಾವಿನ ಮನೆಯ ಬಾಗಿಲಲ್ಲಿ ನಿಲ್ಲಿಸುತ್ತಿತ್ತು. ಎರಡೂ ಒಂದೇ ಎಂದುಕೊಂಡರೆ ಅದು ಇನ್ನೊಂದು ತಪ್ಪು. ನನಗೆ ನಾಚಿಕೆಯಾಯಿತು.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಕೂರಿಸಿದೆ. ಸಭೆಗೆ ಬಂದಿದ್ದ ಪೋಷಕರಿಗೂ ಹಿಂದಿನ ಸಂಜೆಯೇ ಫೋನ್ ಮಾಡಿ ಬರಹೇಳಿದ್ದೆ. ಗೌರಮ್ಮನವರೂ ಸೇರಿ ಹತ್ತಾರು ಜನ ಬಂದಿದ್ದರು. ರಾಜಶೇಖರ್ ಗೇಟಿನ ಹತ್ತಿರ ನಿಂತಿದ್ದರು. "ಸುಜಾತಾಳ ವಿದ್ಯೆ ರಕ್ತದಿಂದ ಬಂತು ಎಂದು ಹೇಳಿದ್ದೆ. ಅದು ಸುಳ್ಳು. ಅವಳು ಕಲಿತಳು. ಕಲಿಯುವುದು ಎಷ್ಟು ಕಷ್ಟ ಎಂದು ಈಗ ನೋಡಿ" ಎಂದು ನಾನೇ ಡ್ರಮ್ಮು ಹೆಗಲಿಗೆ ಹಾಕಿಕೊಂಡೆ. ಆರು ತಿಂಗಳಿಂದ ಬಾಯಿಮಾತಿನಲ್ಲಿ ಪಾಠ ಹೇಳಿದವನು ಒಮ್ಮೆಯೂ ಎಡಗೈ ಎತ್ತಿರಲಿಲ್ಲ. ಢಣ್, ಟಿಕ್. ಢಣ್... ಟಿಕ್. ಇನ್ನೂರು ಮಕ್ಕಳು ನಕ್ಕರು. ಗೌರಮ್ಮನವರು ಎಲ್ಲರಿಗಿಂತ ಜೋರಾಗಿ ನಕ್ಕರು. ನಗು ಮುಗಿಯುವವರೆಗೆ ನಾನು ನಿಲ್ಲಿಸಲಿಲ್ಲ. ಕೊನೆಗೆ ಸುಜಾತಾ ಎದ್ದು ಬಂದು, ನನ್ನ ಎಡ ಹೆಬ್ಬೆರಳನ್ನು ಕೋಲಿನ ಮೇಲೆ ಸರಿಯಾಗಿ ಇಟ್ಟು, "ಬಿಗಿ ಹಿಡೀಬೇಡಿ ಸಾರ್" ಎಂದಳು. ಗೇಟಿನ ಕಡೆ ನೋಡಿದರೆ ರಾಜಶೇಖರ್ ಆಗಲೇ ಹೋಗಿದ್ದರು.

ಮಂಗಳವಾರ ಸುಜಾತಾ ತಾನೇ ಬಂದು, ನಾನು ವಾಪಸು ತಂದು ಮೇಜಿನ ಮೇಲಿಟ್ಟಿದ್ದ ಕೋಲು ತೆಗೆದುಕೊಂಡಳು. ಅಪ್ಪ ಏನಂದರು ಎಂದು ಕೇಳಿದೆ. "ತಗೋ ಅಂದ್ರು ಸಾರ್" ಎಂದಳು. ಅಂದಿನಿಂದಲೇ ನಾನೂ ಎಡಗೈಯಲ್ಲಿ ಹಲ್ಲುಜ್ಜಲು ಶುರುಮಾಡಿದ್ದು. ಡಿಸೆಂಬರೆಲ್ಲ ಬೆಳಿಗ್ಗೆ ಏಳೂವರೆಗೆ, ಚಳಿಯಲ್ಲಿ ಬಾಯಿಂದ ಹೊಗೆ ಬಿಡುತ್ತಾ ಅಭ್ಯಾಸ ಮಾಡಿದೆವು. ಸಾಲಿನ ಕೊನೆಯಲ್ಲಿ ನಾನು ನಿಲ್ಲುತ್ತಿದ್ದೆ. ಗುರುವಿನ ಹೆಸರು ಸುಜಾತಾ.

ಜನವರಿ ಇಪ್ಪತ್ತಾರರಂದು ಅರಸೀಕೆರೆಯ ಮೈದಾನದಲ್ಲಿ ಅವಳು ಮೊದಲ ಪೆಟ್ಟು ಹೊಡೆದಳು. ಅದು ಎಡಗೈಯ ಪೆಟ್ಟು. ಮಿಕ್ಕ ಮೂವರು ಸೇರಿದರು, ಚೇತನನ ದೊಡ್ಡ ಡ್ರಮ್ಮು ಸೇರಿತು, ನಮ್ಮ ಮಕ್ಕಳು ಧ್ವಜದ ಮುಂದೆ ಹಾದುಹೋದರು. ಒಬ್ಬರೂ ಕುಂಟಲಿಲ್ಲ. ಬಹುಮಾನ ಬೇರೆ ಶಾಲೆಗೆ ಹೋಯಿತು, ಅವರಲ್ಲಿ ಕಹಳೆಯೂ ಇತ್ತು. ಹೆಡ್ ಮೇಡಂ ಸ್ಪೀಕರಿನ ಮಾತು ಎತ್ತಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಎಲ್ಲ ಮುಗಿದು ಮಕ್ಕಳು ಬೇವಿನ ಮರದ ಕೆಳಗೆ ಲಾಡು ತಿನ್ನುತ್ತಿದ್ದಾಗ ರಾಜಶೇಖರ್ ಬಂದರು. ಸುಜಾತಾ ಡ್ರಮ್ಮನ್ನು ಕಲ್ಲುಬೆಂಚಿನ ಮೇಲಿಟ್ಟು, ಕೋಲುಗಳನ್ನು ಅಪ್ಪನ ಕೈಗೆ ಕೊಟ್ಟು, ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದಳು. ಅವರು ಕೋಲುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಚೆ ಈಚೆ ಕಣ್ಣು ಹಾಯಿಸಿದರು. ನಾನು ಲಾಡಿನಲ್ಲಿ ದ್ರಾಕ್ಷಿ ಹುಡುಕುವವನಂತೆ ತಲೆ ತಗ್ಗಿಸಿದೆ. ಅವರು ಮೆಲ್ಲಗೆ ಎರಡು ಪೆಟ್ಟು ಹೊಡೆದರು. ಢಣ್. ಸ್ವಲ್ಪ ತಡೆದು, ಟಿಕ್.

ಸುಜಾತಾ ಲೇಸು ಕಟ್ಟುತ್ತಲೇ, ತಲೆ ಎತ್ತದೆ ಹೇಳಿದಳು: "ಅಪ್ಪಾ, ಎಡಗೈ ಕುಂಟ್ತಾ ಐತೆ. ನಾಳೆಯಿಂದ ನೀನೂ ನಮ್ ಸಾರ್ ಥರ ಹಲ್ಲುಜ್ಜು."