ಸಂದರ್ಶಕರ ಪುಸ್ತಕದಲ್ಲಿ ಕೆಂಪು ಶಾಯಿ

ಶಿಕಾರಿಪುರದ ನಾಗವೇಣಿ ಅಂಗವಿಕಲ ಮಕ್ಕಳಿಗೆ ಶಾಲೆಗೇ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಆ ಪದ ಯಾರ ನಾಲಗೆಗೂ ಒಗ್ಗದೆ ಸೊರಬದ ಹಳ್ಳಿಗಳಲ್ಲಿ ಆಕೆ ‘ಕಾಲು ತಿಕ್ಕೋ ಮೇಡಂ’ ಆಗಿದ್ದಳು.

ಕ್ಯಾಸನೂರಿನ ಕಡೆಯ ಒಂದು ಶಾಲೆಗೆ ಆಕೆ ಹೋಗುತ್ತಿದ್ದುದು ಗುರುವಾರ ಮಾತ್ರ. ಅಲ್ಲಿ ನಾಲ್ಕನೇ ತರಗತಿಯ ಗಂಗಾಶ್ರೀಯ ಕಾಲುಗಳು ಬಿಗಿದುಕೊಂಡಿದ್ದವು. ದಿನಾ ಸ್ವಲ್ಪ ಹೊತ್ತು ನಿಲ್ಲಿಸದಿದ್ದರೆ ಮಂಡಿ ಮಡಿಸಿದಂತೆಯೇ ಗಟ್ಟಿಯಾಗಿ, ಆ ಹುಡುಗಿ ನಿಲ್ಲುವ ಆಸೆಯನ್ನೇ ಬಿಡಬೇಕು. ಉಳಿದ ಐದು ದಿನ ನಿಲ್ಲಿಸಬೇಕಾದವರು ಗಣಿತದ ನಾಗರಾಜಪ್ಪ ಮೇಷ್ಟ್ರು. ಅವರನ್ನೇ ನಾಗವೇಣಿ ಮೊದಲ ದಿನವೇ ಎದುರು ಹಾಕಿಕೊಂಡಿದ್ದಳು.

ಸಂದರ್ಶಕರ ಪುಸ್ತಕದಲ್ಲಿ ಒಂದು ಸಹಿ ಹಾಕಿ ಎಂದು ಮೇಷ್ಟ್ರು ಕೊಟ್ಟರೆ, ಆಕೆ ಕೆಂಪು ಪೆನ್ನಿನಲ್ಲಿ, ‘ಮಗುವನ್ನು ದಿನವಿಡೀ ಕೂರಿಸಿಯೇ ಇಟ್ಟಿದ್ದಾರೆ. ಸರಿಪಡಿಸಿಕೊಳ್ಳುವುದು’ ಎಂದು ಬರೆದುಬಿಟ್ಟಳು. ಹಾಗೆಲ್ಲ ಬರೆಯುವವರು ಇನ್ಸ್‌ಪೆಕ್ಷನ್ನಿಗೆ ಬರುವ ಸಾಹೇಬರು ಮಾತ್ರ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಒಂದೂ ಕೆಟ್ಟ ಮಾತು ಬರೆಸಿಕೊಳ್ಳದ ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಪ್ರತಿ ಗುರುವಾರ, ಆಕೆ ಬರುವ ಹೊತ್ತಿಗೆ ಸರಿಯಾಗಿ, ಗಣಿತದ ಟೆಸ್ಟು. ವ್ಯಾಯಾಮದ ಚಾಪೆಯಿದ್ದ ಕೋಣೆಯ ಬೀಗದ ಕೈಯೂ ನಾಪತ್ತೆ. ನಾಗವೇಣಿಯೇನು ಕಮ್ಮಿಯೇ, ಪುಸ್ತಕದಲ್ಲಿ ಇನ್ನೆರಡು ಸಾಲು ಜಡಿದಳು. ಇಬ್ಬರ ಬಿಗುಮಾನದಲ್ಲಿ ಹುಡುಗಿಯ ಮಂಡಿ ಇನ್ನಷ್ಟು ಬಿಗಿಯಿತು.

ಒಂದು ಗುರುವಾರ ಶಿರಾಳಕೊಪ್ಪದಲ್ಲಿ ಬಸ್ಸು ಬೇಗ ಸಿಕ್ಕಿ, ಆಕೆ ಬೆಳಗಿನ ಮಗ್ಗಿಯ ಹೊತ್ತಿಗೇ ಬಂದಳು. ಮಗ್ಗಿ ಮುಗಿಯುವವರೆಗೆ ಯಾರೂ ಕೂರಬಾರದೆಂಬುದು ಮೇಷ್ಟ್ರ ಕಾನೂನು. ತರಗತಿಯೆಲ್ಲ ನಿಂತಿತ್ತು, ಗಂಗಾಶ್ರೀ ಒಬ್ಬಳೇ ಕೂತು ತುಟಿಯಾಡಿಸುತ್ತಿದ್ದಳು.

“ಇವಳನ್ಯಾಕೆ ನಿಲ್ಸಲ್ಲ ಸಾರ್?” ಎಂದಳು ನಾಗವೇಣಿ.

“ಬಿದ್ರೆ ಅದನ್ನೂ ಬರೀತೀರಲ್ರೀ.”

ನಾಗವೇಣಿಗೆ ನಾಚಿಕೆಯಾಯಿತು. ಈ ಮನುಷ್ಯ ಹೆದರಿದ್ದಾನೆ, ಹೆದರಿಸಿದವಳು ತಾನೇ.

“ನಿಮ್ಮನ್ನ ಒಂದು ಮಾತು ಕೇಳ್ದೆ ಬರ್ದಿದ್ದು ತಪ್ಪಾತು ಸಾರ್. ಎರಡರ ಮಗ್ಗಿಗೆ ಎಷ್ಟೊತ್ತು ಹಿಡೀತದೆ?”

“ಅರ್ಧ ನಿಮಿಷ. ಯಾಕೆ?”

“ಅಷ್ಟೊತ್ತು ನಿಲ್ಸಣ. ಹೆಂಗೆ ಹಿಡ್ಕಬೇಕು ಅಂತ ತೋರಿಸ್ತೀನಿ.”

ಮೇಷ್ಟ್ರು ಗೊಣಗುತ್ತಲೇ ತಮ್ಮ ಮೇಜನ್ನು ಹುಡುಗಿಯ ಮುಂದಕ್ಕೆ ಎಳೆದು ತಂದರು. ಗಂಗಾಶ್ರೀ ಅದನ್ನು ಹಿಡಿದು, ನಡುಗುತ್ತ ನಿಂತಳು. ಅವಳು ಬೇಗ ಕೂರಲೆಂದು ಮಕ್ಕಳು ಮಗ್ಗಿಯನ್ನು ಓಡಿಸಿದರೆ, ಮೇಷ್ಟ್ರು “ನಿಧಾನ” ಎಂದು ಗದರಿದರು. ಅಂದಿನಿಂದ ಆ ಮೇಜು ಅಲ್ಲೇ ಉಳಿಯಿತು.

ಮಳೆಗಾಲದಲ್ಲೊಂದು ಗುರುವಾರ ಬಸ್ಸಿಲ್ಲದೆ ನಾಗವೇಣಿಗೆ ಬರಲಾಗಲಿಲ್ಲ. ಮುಂದಿನ ವಾರ ಸಹಿಗೆಂದು ಪುಸ್ತಕ ತೆರೆದರೆ, ಶಿಕ್ಷಕರು ಬರೆಯಲೇಬಾರದ ಪುಟದಲ್ಲಿ, ಕೆಂಪು ಶಾಯಿಯಲ್ಲಿ, ಮೇಷ್ಟ್ರ ದುಂಡನೆಯ ಅಕ್ಷರ: ‘ಗಂಗಾಶ್ರೀ ಎರಡರಿಂದ ಏಳರ ಮಗ್ಗಿಯವರೆಗೂ ನಿಂತಳು. ಮೇಡಂ ಗೈರುಹಾಜರು. ಸರಿಪಡಿಸಿಕೊಳ್ಳುವುದು.’

ನಾಗವೇಣಿ ಅದರ ಕೆಳಗೆ ಸಹಿ ಹಾಕಿದಳು.