ಬಣ್ಣ ಬಳಿಯುವವನ ಸುಳ್ಳು

“ಹೇಳಲ್ಲ ಕಣೇ! ನಾನ್ಯಾಕೆ ಹೇಳ್ಲಿ? ಅವನೇನು ನನಗೆ ಕೆಟ್ಟದ್ದು ಮಾಡಿದಾನಾ?”

“ಅತ್ತೆ, ಇದು ಪೊಲೀಸ್ ಠಾಣೆ ಅಲ್ಲ. ಎರಡನೇ ಪ್ರಶ್ನೆ ಅಷ್ಟೇ. ‘ಅವನು ಸುಳ್ಳು ಹೇಳಿದನೆಂದು ತೋರಿಸುವ ವಾಕ್ಯಕ್ಕೆ ಗೆರೆ ಎಳೆಯಿರಿ.’ ಎಳೀರಿ!”

ಅತ್ತೆ ಪೆನ್ಸಿಲ್ ಕೆಳಗಿಟ್ಟು ಅಂಗೈ ಬೆವರು ಒರೆಸಿಕೊಂಡಳು. ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ, ಬಿಸಿ ಹಬೆಯ ನಡುವೆ ನಿಂತು ವರ್ಷಗಟ್ಟಲೆ ಹೊದಿಕೆಗಳಿಗೆ ಇಸ್ತ್ರಿ ಹಾಕಿ ಹಾಕಿ, ಅವಳ ಉಸಿರು ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಚೀಟಿ ಕೊಡುವ ಕೌಂಟರಿಗೆ ಬದಲಾಗಬೇಕಾದರೆ ಓದಿನ ಪರೀಕ್ಷೆ ಪಾಸಾಗಬೇಕು: ಒಂದು ಲೇಖನ, ಒಂದು ಕಥೆಯ ತುಣುಕು, ಎರಡಕ್ಕೂ ಪ್ರಶ್ನೆಗಳು. ಫೇಲಾದರೆ ಮತ್ತೆ ಹಬೆಯೇ ಗತಿ. ಅದಕ್ಕೇ ಭಾನುವಾರ ಬಂತೆಂದರೆ ಕಾಲೇಜು ಓದುವ ಅಣ್ಣನ ಮಗಳು ಪಾಠ ಹೇಳಲು ಹಾಜರು.

ಸೇತುವೆಗಳ ಲೇಖನವನ್ನು ಅತ್ತೆ ನೀರು ಕುಡಿದಷ್ಟು ಸಲೀಸಾಗಿ ಮುಗಿಸಿದ್ದಳು. “ಏನು ಬರೆದ್ರೂ ಸೇತುವೆಗೆ ನೋವಾಗಲ್ಲ ನೋಡು.” ಕಥೆ ಬಂದಾಗಲೇ ಪೆನ್ಸಿಲ್ ನಿಂತುಬಿಟ್ಟಿದ್ದು. ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವನೊಬ್ಬ ಮಧ್ಯಾಹ್ನವೇ ಮನೆಗೆ ಬಂದು, ಇವತ್ತು ಬಣ್ಣವೇ ಬರಲಿಲ್ಲ ಎಂದು ಹೆಂಡತಿಗೆ ಹೇಳುತ್ತಾನೆ. ಆದರೆ ಡಬ್ಬಗಳು ಬೆಳಗ್ಗೆಯೇ ಬಂದಿದ್ದವು ಎಂದು ಮೇಲಿನ ಸಾಲಿನಲ್ಲೇ ಇದೆ. ಏಣಿಯ ಮೇಲೆ ಕಾಲು ನಡುಗಿ ಅವನು ಇಳಿದುಬಂದಿದ್ದ.

“ಚಾಡಿ ಹೇಳಿದ ಹಾಗಾಗಲ್ವಾ? ಪಾಪ, ಹೆದರಿ ಮುಚ್ಚಿಟ್ಟಿದಾನೆ.”

“ಕಾಗದದ ಮೇಲಿನ ಮನುಷ್ಯನಿಗೆ ಇಷ್ಟು ವಕಾಲತ್ತಾ? ನಿಮ್ಮ ಫೀಸ್ ಯಾರು ಕೊಡ್ತಾರೆ?”

ಒಳಗಿನ ಕೋಣೆಯಿಂದ ಗಂಡ ಕೂಗಿದ. “ಸಾರಿಗೆ ಉಪ್ಪು ಹೆಚ್ಚಾದ್ರೆ ಉಪ್ಪಿನ ಪರ ಮಾತಾಡೋಳಮ್ಮ ಅವಳು! ಇಸ್ತ್ರಿ ಕೆಲಸ ಆರಾಮಾಗಿದೆ ಅಂತಾಳೆ. ಮತ್ತೆ ಈ ಪರೀಕ್ಷೆ ಯಾವ ಕರ್ಮಕ್ಕೋ?”

ಅತ್ತೆ ತಟ್ಟನೆ ಹುಡುಗಿಯ ಕೈ ಹಿಡಿದುಕೊಂಡು ಪಿಸುಗುಟ್ಟಿದಳು. “ಉಸಿರಿನ ವಿಷಯ ಅವರಿಗೆ ಗೊತ್ತಿಲ್ಲ, ಬರೀ ನೆಗಡಿ ಅಂದಿದೀನಿ. ಬಾಯಿ ಬಿಟ್ಟೀಯ ಮತ್ತೆ!”

ಹುಡುಗಿ ನಗಲಿಲ್ಲ. ಮೆಲ್ಲಗೆ ಮೂರನೇ ಪ್ರಶ್ನೆಯ ಮೇಲೆ ಬೆರಳಿಟ್ಟಳು. ಅವನು ಸುಳ್ಳು ಹೇಳಲು ಕಾರಣವೇನು?

“ಸುಳ್ಳೇ ಹೇಳಿಲ್ಲ ಅಂತ ಬಿಟ್ಬಿಟ್ರೆ, ಇದಕ್ಕೆ ಏನು ಬರೀತೀರಿ? ಅವನಿಗೆ ಭಯ ಆಗಿತ್ತು ಅಂತ ಯಾರಿಗೂ ಗೊತ್ತಾಗೋದೇ ಇಲ್ಲ ಅತ್ತೆ.”

ಅತ್ತೆ ಒಳಬಾಗಿಲ ಕಡೆ ನೋಡಿದಳು. ಆಮೇಲೆ ಪೆನ್ಸಿಲ್ ಎತ್ತಿಕೊಂಡು, ಮೊನೆ ಮುರಿಯುವಷ್ಟು ಒತ್ತಿ, ಡಬ್ಬಗಳ ಸಾಲಿನ ಕೆಳಗೆ ಗೆರೆ ಎಳೆದಳು. ಮೂರನೇ ಉತ್ತರ ಶುರುವಾದದ್ದು ನಿಲ್ಲಲೇ ಇಲ್ಲ. ಹಾಳೆ ತುಂಬಿ ಹಿಂಬದಿಗೂ ಹರಿಯಿತು.

“ಅಯ್ಯೋ, ಎರಡು ಸಾಲು ಸಾಕು ಅಂತ ಹಾಕಿದಾರೆ! ಟೈಮೂ ಮುಗೀತು!”

“ಹೆದರಿದವನ ಸಂಕಟ ಎರಡು ಸಾಲಿಗೆ ಮುಗಿಯುತ್ತೇನೇ?” ಅತ್ತೆಯ ಮುಖ ಮತ್ತೆ ಇಳಿಯಿತು. “ಪರೀಕ್ಷೇಲೂ ಹೀಗೇ ಆದ್ರೆ? ಮುಂದಿನ ಭಾನುವಾರ ತಪ್ಪಿಸಬೇಡ, ಬೇಗ ಬಾ.” ಬಾಗಿಲವರೆಗೆ ಬಂದು ದನಿ ತಗ್ಗಿಸಿದಳು. “ಅಷ್ಟರಲ್ಲಿ ನಾನೂ ನಿಮ್ಮ ಮಾವನಿಗೆ ಆ ಮೂರನೇ ಪ್ರಶ್ನೆ ಉತ್ತರ ಹೇಳ್ತೀನಿ. ಧೈರ್ಯ ಬಂದ್ರೆ.”

ಹುಡುಗಿ ಮೆಟ್ಟಿಲಿಳಿಯುತ್ತಲೇ ಹಿಂದಿರುಗಿ ನೋಡಿದಳು.

“ಬಂದೇ ಬರ್ತೀನಿ. ಎರಡೇ ಸಾಲಲ್ಲಿ ಹೇಳಿ ಅತ್ತೆ!”