ಅತ್ತೆಯವರನ್ನು ಮಿರಜಿಗೆ ಕರೆದುಕೊಂಡು ಹೋದದ್ದು

ನಮ್ಮ ಅತ್ತೆಯವರಿಗೆ ಅರವತ್ತು ತುಂಬುತ್ತದೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಸದಲಗಾದ ಅವರ ತವರಿಗೆ ಹೋದಾಗ ಅವರ ಅಣ್ಣ ಒಂದು ಹಳೆಯ ವಹಿ ತೆಗೆದು, ತಂದೆ ಮಕ್ಕಳ ಜನನ ಬರೆದಿಟ್ಟ ಪುಟವನ್ನು ನನಗೆ ತೋರಿಸಿದರು. ಆಕಳು ಕರು ಹಾಕಿದ ದಿನಗಳ ನಡುವೆ ಅತ್ತೆಯವರೂ ಇದ್ದರು.

ಆಗ ತೊಂಬತ್ತರ ದಶಕ ಶುರುವಾಗಿತ್ತು. ಅಥಣಿ ಹತ್ತಿರದ ಆ ದ್ರಾಕ್ಷಿ ತೋಟದ ಮನೆಗೆ ನಾನು ಕಿರಿ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಹುಟ್ಟಿದ ದಿನ ಎಂದರೆ ನಮ್ಮಲ್ಲಿ ಸಣ್ಣ ಮಕ್ಕಳಿಗೆ ಹೊಸ ಅಂಗಿ, ಅಷ್ಟೆ. ದೊಡ್ಡವರಿಗೂ ಮಾಡೋಣ, ಅದೂ ಅವರಿಗೆ ಹೇಳದೆ ಮಾಡೋಣ ಎಂಬ ವಿಚಾರ ನನ್ನದು. ಮುಂದೆ ಆದದ್ದಕ್ಕೆಲ್ಲ ನಾನೇ ಕಾರಣ ಎಂದು ನನ್ನ ನೆಗೆಣ್ಣಿ, ಅಂದರೆ ಮನೆಯ ಹಿರಿ ಸೊಸೆ, ಈಗಲೂ ಹೇಳುತ್ತಾರೆ.

ನರಸೋಬಾವಾಡಿಗೆ ಹೋಗುವುದೆಂದು ಠರಾಯಿಸಿದೆವು. ದೇವರ ದರ್ಶನ, ಬಾಸುಂದಿ, ಹೊಳೆಯಲ್ಲಿ ನಾವೆ. ಕಾಗವಾಡಕ್ಕೆ ಕೊಟ್ಟಿದ್ದ ಅತ್ತೆಯವರ ಬಾಲ್ಯದ ಗೆಳತಿಯನ್ನು ದಾರಿಯಲ್ಲಿ ಹತ್ತಿಸಿಕೊಳ್ಳುವುದು. ಮಿರಜಿನ ಬೇಕರಿಯೊಂದರಲ್ಲಿ ನನ್ನ ಗಂಡ ತತ್ತಿ ಹಾಕದ ಕೇಕ್ ಹೇಳಿಟ್ಟರು. ಹಾಗಾಗಿ ಮಿರಜಿನ ಮೇಲೆ ಹಾಯ್ದು ಹೋಗಬೇಕಾಯಿತು.

ನಮ್ಮ ಭಾಗದಲ್ಲಿ ಮಿರಜ್ ಎಂದರೆ ದವಾಖಾನೆ. ಅಥಣಿಯ ಡಾಕ್ಟರ ಕೈಯಲ್ಲಿ ಆಗದ್ದು ಮಿರಜಿಗೆ ಹೋಗುತ್ತದೆ. "ಅವರನ್ನ ಮಿರಜಿಗೆ ಒಯ್ದಾರಂತ" ಎಂದು ಯಾರಾದರೂ ಹೇಳಿದರೆ ಕೇಳಿದವರು ಮುಂದೆ ಏನೂ ಕೇಳುವುದಿಲ್ಲ, ಲೊಚಗುಡುತ್ತಾರೆ. ಇದು ನಮಗೆ ನೆನಪಿಗೆ ಬರಬೇಕಿತ್ತು. ಬರಲಿಲ್ಲ.

ಅದರ ಹಿಂದಿನ ವಾರವಷ್ಟೇ ಅತ್ತೆಯವರಿಗೆ ತಲೆ ತಿರುಗಿತ್ತು. ಡಾಕ್ಟರು ಏನೂ ಇಲ್ಲ ಎಂದು ಗುಳಿಗೆ ಕೊಟ್ಟು ಕಳಿಸಿದ್ದರು. ಆಮೇಲೆ ಶುರುವಾಯಿತು ನಮ್ಮ ಗುಟ್ಟು. ಅತ್ತೆಯವರು ಒಳಗೆ ಬಂದರೆ ನಾವು ಮಾತು ನಿಲ್ಲಿಸುತ್ತಿದ್ದೆವು. ನೆಗೆಣ್ಣಿ ಅವರ ಕೈಯಿಂದ ಮೊರ ಕಸಿದುಕೊಂಡು, "ನೀವ ಕುಂಡರ್ರಿ ಅತ್ತಿ" ಎನ್ನುತ್ತಿದ್ದರು. ಮಾವನವರು ಒಂದು ದಿನ "ಉಂಡಿ ಏನ?" ಎಂದು ಕೇಳಿಬಿಟ್ಟರು. ಮದುವೆಯಾದ ಮೇಲೆ ಅವರು ಹಾಗೆ ಕೇಳಿದ್ದು ಅದೇ ಮೊದಲು. ಅತ್ತೆಯವರು ಅವರ ಮುಖವನ್ನೇ ನೋಡಿದರು.

ಮರುದಿನ ನನ್ನನ್ನು ಅಡುಗೆ ಮನೆಗೆ ಕರೆದು ಮಾವಿನ ಉಪ್ಪಿನಕಾಯಿಯ ಉಪ್ಪು, ಖಾರ, ಸಾಸಿವೆಯ ಅಳತೆ ಹೇಳಿಕೊಟ್ಟರು. ಇಷ್ಟು ವರ್ಷ ಯಾರಿಗೂ ಹೇಳದ ಅಳತೆ. ನನ್ನ ಮೇಲೆ ಪ್ರೀತಿ ಬಂದಿದೆ ಎಂದುಕೊಂಡೆ.

ಹೊರಡುವ ದಿನ ಬೆಳಿಗ್ಗೆ, "ಮಿರಜಿಗಿ ಹೋಗಿ ಬರೂಣು, ತಯಾರಾಗ ಅವ್ವಾ" ಎಂದು ನನ್ನ ಗಂಡ ಹೇಳಿದರು. ಅತ್ತೆಯವರು ಯಾಕೆ ಎಂದು ಕೇಳಲಿಲ್ಲ. ಬಂಗಾರದ ಬಳೆ ತೆಗೆದಿಟ್ಟು ಹಳೆಯ ಸೀರೆ ಉಟ್ಟರು. ಅವಲಕ್ಕಿ ಮುಂದಿಟ್ಟರೆ ಬೇಡವೆಂದರು. ಉಪವಾಸವಿರಬೇಕು ಎಂದುಕೊಂಡೆವು. ಚೀಲದಲ್ಲಿ ಒಂದು ಚಾದರ, ಒಂದು ತಾಟು, ಒಂದು ಚರಿಗೆ ಇಟ್ಟುಕೊಂಡರು. ಹೊಳೆ ದಂಡೆಯ ಊಟದ ವಾಸನೆ ಹತ್ತಿತೇನೋ ಎಂದು ನಾನೂ ನೆಗೆಣ್ಣಿಯೂ ಕಣ್ಣು ಕಣ್ಣು ನೋಡಿಕೊಂಡೆವು.

ಬಾಡಿಗೆ ಜೀಪಿನಲ್ಲಿ ಮಾವನವರು ಮುಂದೆ ಕುಳಿತರು. ಕಾಗವಾಡದಲ್ಲಿ ಗೆಳತಿ ನಗುತ್ತ ಹತ್ತಿದರು. ಹನ್ನೆರಡು ವರ್ಷದಿಂದ ಇಬ್ಬರೂ ಭೇಟಿಯಾಗಿರಲಿಲ್ಲ. ಅತ್ತೆಯವರು ಅವರನ್ನು ನೋಡಿ, "ನಿನಗೂ ಹೇಳಿ ಕಳಿಸ್ಯಾರ? ಹಂಗಾರ ಖರೇನ ಐತಿ" ಎಂದರು. ಗೆಳತಿ ಹೌದೆಂದು ತಲೆಯಾಡಿಸಿದರು. ಅವರು ಹೌದೆಂದದ್ದು ಹುಟ್ಟಿದ ದಿನಕ್ಕೆ.

ಅತ್ತೆಯವರು ಟೊಂಕದಿಂದ ಕೀಲಿ ಗೊಂಚಲು ಬಿಚ್ಚಿ ನೆಗೆಣ್ಣಿಯ ಉಡಿಗೆ ಹಾಕಿದರು. "ಇನ್ನ ನೀನ ನೋಡ್ಕೊ." ಹದಿನೈದು ವರ್ಷ ಆ ಕೀಲಿಗೆ ಕಾದವರು ನನ್ನ ನೆಗೆಣ್ಣಿ. ಅವರೇನೂ ಪ್ರಶ್ನೆ ಮಾಡಲಿಲ್ಲ. ಆಮೇಲೆ ಅತ್ತೆಯವರು ನನ್ನ ಕಡೆ ತಿರುಗಿದರು. "ನೀ ಮಾಡೂ ಸಾರ ನನಗ ಒಂದ ದಿವ್ಸಾನೂ ಸೇರಿಲ್ಲವ್ವಾ. ಮನಸಿನ್ಯಾಗ ಇಟಗೊಂಡ ಹೋಗಬಾರದಂತ ಹೇಳಿದ್ನಿ."

ಎಲ್ಲಿಗೆ ಹೋಗುವುದು ಎಂದು ನಾನು ಕೇಳುವುದರೊಳಗೆ ಅವರು ಗೆಳತಿಯ ಕೈ ಹಿಡಿದಿದ್ದರು.

"ಅಥಣಿಯವರು ಮೊದಲ ನಿನ್ನ ನೋಡಾಕ ಬಂದಿದ್ರು, ನೆನಪೈತೇನ?"

"ಐತಿ."

"ನೀರ ಕೊಡೂ ಮುಂದ ವರನ ಸೋದರತ್ತಿ ಮುಂದ ನಾ ಅಂದ್ನಿ, ಆ ಹುಡಿಗಿಗಿ ರಾತ್ರಿ ಕಣ್ಣ ಕಾಣಂಗಿಲ್ಲಂತ. ಅದಕ್ಕ ಅವರು ಎದ್ದ ನಮ್ಮ ಮನಿಗಿ ಬಂದ್ರು. ನನ್ನ ಮಾಫ್ ಮಾಡ."

ಆ ಅಥಣಿಯ ವರ ಜೀಪಿನ ಮುಂದಿನ ಸೀಟಿನಲ್ಲೇ ಕುಳಿತಿದ್ದರು. ಮಾವನವರ ಕುತ್ತಿಗೆ ಅಲುಗಲಿಲ್ಲ.

ಗೆಳತಿ ಹೊರಗಿನ ಕಬ್ಬು ನೋಡಿದರು. "ನನಗ ಅವತ್ತ ಗೊತ್ತಾಗಿತ್ತ" ಎಂದರು. "ಗೊತ್ತಾಗಿ ದೇವರಿಗಿ ಕಾಯಿ ಒಡಸಿದ್ನಿ. ನನಗ ಆ ವರ ಪಸಂದ ಇರಲಿಲ್ಲ."



ಜೀಪು ಮಿರಜಿನ ಬೇಕರಿ ಎದುರು ನಿಂತಿತು. ಅತ್ತೆಯವರು ಚೀಲ ಹಿಡಿದು ಇಳಿಯಲು ಸಿದ್ಧರಾದರು. "ಇದ ಯಾವ ದವಾಖಾನಿ?" ಎಂದು ಕೇಳಿದರು. ಅಷ್ಟರಲ್ಲಿ ನನ್ನ ಗಂಡ ಡಬ್ಬಿ ತಂದು ಅವರ ತೊಡೆಯ ಮೇಲಿಟ್ಟು ಮುಚ್ಚಳ ತೆಗೆದರು. ಕೇಕಿನ ಮೇಲೆ ಮರಾಠಿ ಅಕ್ಷರದಲ್ಲಿ 'ಅವ್ವಾಗೆ ಅರವತ್ತು' ಎಂದಿತ್ತು. ಅತ್ತೆಯವರು ಕಲಿತದ್ದು ಮರಾಠಿ ಶಾಲೆಯಲ್ಲಿ. ಒಂದೊಂದೇ ಅಕ್ಷರ ಓದಿದರು.

"ನನಗ ಏನೂ ಆಗಿಲ್ಲ?"

"ಏನ ಆಗಬೇಕ ಅವ್ವಾ?"

"ಡಾಕ್ಟರ ನಿಮ್ಮ ಮುಂದ ಏನೂ ಹೇಳಿಲ್ಲ?"

"ನಿನ್ನ ಮುಂದ ಹೇಳಿದ್ದ ನಮ್ಮ ಮುಂದೂ ಹೇಳ್ಯಾರ. ಏನೂ ಇಲ್ಲಂತ."

ಅತ್ತೆಯವರು ಕೇಕಿನ ಡಬ್ಬಿ ಮುಚ್ಚಿದರು. "ಮೂರ ದಿವ್ಸ ಆತ, ನಿದ್ದಿ ಮಾಡಿಲ್ಲ ನಾ" ಎಂದರು, ಯಾರಿಗೂ ಅಲ್ಲದ ಹಾಗೆ. ಮೂರು ದಿನ ಆ ಹೆಂಗಸು ಸಾಯಲು ತಯಾರಾಗುತ್ತಿದ್ದರು, ನಮ್ಮ ಧೈರ್ಯ ಕೆಡಬಾರದೆಂದು ತುಟಿ ಬಿಚ್ಚಿರಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದೆ.

"ಅವಲಕ್ಕಿ ತಂದೀರೇನ?" ಎಂದರು ಅತ್ತೆಯವರು. "ರಕ್ತಾ ತಗೀತಾರಂತ ಏನೂ ತಿಂದಿಲ್ಲ."

ಜೀಪಿನಲ್ಲೇ ಎರಡು ತಾಟು ಅವಲಕ್ಕಿ ತಿಂದರು. ಕೈ ತೊಳೆದು ನೆಗೆಣ್ಣಿಯ ಮುಂದೆ ಅಂಗೈ ಚಾಚಿದರು. ಕೀಲಿ ಗೊಂಚಲು ಮರಳಿ ಟೊಂಕಕ್ಕೆ ಹೋಯಿತು. ಅರ್ಧ ತಾಸಿನ ಅಧಿಕಾರ ಮುಗಿಯಿತು.

ನರಸೋಬಾವಾಡಿಯಲ್ಲಿ ದರ್ಶನವಾಯಿತು, ಬಾಸುಂದಿಯಾಯಿತು. ಗೆಳತಿಯರಿಬ್ಬರೂ ಕೇಕಿನ ಮೇಲಿನ ಗುಲಾಬಿ ಹೂ ಹಂಚಿಕೊಂಡು ತಿಂದರು. ಮಾವನವರು ಮಾತ್ರ ಕಾಗವಾಡದಿಂದ ತುಟಿ ಎರಡು ಮಾಡಿರಲಿಲ್ಲ. ನಾವೆ ನಡುಹೊಳೆಗೆ ಬಂದಾಗ ಕೇಳಿದರು.

"ಅವತ್ತ ನಮ್ಮ ಸೋದರತ್ತಿ ಮುಂದ ಯಾಕ ಹಂಗ ಹೇಳಿದಿ ನೀ?"

ನಾವೆಲ್ಲ ನೀರು ನೋಡತೊಡಗಿದೆವು. ಅತ್ತೆಯವರು ಸೆರಗು ಸರಿಮಾಡಿಕೊಂಡರು.

"ನೋಡಾಕ ಬಂದ ದಿವ್ಸ ಗಾಡಿಗಿ ಕಟ್ಟಿದ್ದ ನಿಮ್ಮ ಜೋಡಿ ಎತ್ತ ಚಲೋ ಇದ್ದುರಿ."

"ಹೌದ, ಚಲೋ ಇದ್ದು" ಎಂದರು ಮಾವನವರು. ದಂಡೆ ಮುಟ್ಟುವವರೆಗೂ ಆ ಜೋಡಿಯನ್ನು ಎಲ್ಲಿಂದ ತಂದದ್ದು, ಎಷ್ಟು ಭಾರ ಎಳೆಯುತ್ತಿದ್ದವು ಎಂಬುದನ್ನು ನಾವೆಯವನಿಗೆ ಹೇಳಿದರು.

ಸಂಜೆ ಕಾಗವಾಡದಲ್ಲಿ ಗೆಳತಿಯನ್ನು ಇಳಿಸಲು ನಿಂತೆವು. ಅವರ ಹಿಂದೆಯೇ ಅತ್ತೆಯವರೂ ಚೀಲ ಹಿಡಿದು ಇಳಿದರು. "ಚಾದರ ಐತಿ, ಚರಗಿ ಐತಿ. ನಾ ಎರಡ ದಿವ್ಸ ಇದ್ದ ಬರ್ತೀನಿ" ಎಂದರು. ಯಾರ ಒಪ್ಪಿಗೆಗೂ ಕಾಯಲಿಲ್ಲ. ಇಬ್ಬರೂ ಕೈ ಹಿಡಿದುಕೊಂಡು ಓಣಿಯಲ್ಲಿ ತಿರುಗಿಹೋದರು.

ಎರಡು ದಿನ ಎಂಟಾಯಿತು. ಒಂಬತ್ತನೆಯ ದಿನ ಮಾವನವರು ಯಾರಿಗೂ ಹೇಳದೆ ಇಸ್ತ್ರಿ ಮಾಡಿದ ಧೋತರ ಉಟ್ಟು ಕಾಗವಾಡದ ಬಸ್ಸು ಹತ್ತಿದರು.